ಕವಿಗೆ ಐದು ನಿಮಿಷ ಸಾಲದು

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಮುಂಬೈಯ ನಮ್ಮ ಕನ್ನಡ ಕವಿಗೋಷ್ಠಿಗಳ ರೀತಿ ಬದಲಾಗಬೇಕು.

ಈಗ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಸ್ವಾಗತ, ದೀಪ, ಅತಿಥಿಗಳ ಭಾಷಣ, ಶಾಲು, ಹಾರ, ಸ್ಮರಣಿಕೆ. ಇಷ್ಟಾಗುವಷ್ಟರಲ್ಲಿ ಗಂಟೆ ಏಳೂವರೆ. ಆಮೇಲೆ ಕವಿಗಳು ಸಾಲಾಗಿ ಬರುತ್ತಾರೆ, ತಲಾ ಐದು ನಿಮಿಷ. ಕನ್ನಡಕ ಹಾಕಿಕೊಂಡು ಮೈಕ್ ಸರಿಮಾಡಿಕೊಂಡು ಒಂದು ಪದ್ಯ ಓದುವಷ್ಟರಲ್ಲಿ ನಿರೂಪಕರ ಚೀಟಿ ಬರುತ್ತದೆ, ಬೇಗ ಮುಗಿಸಿ ಅಂತ. ಕೇಳುವವರಿಗೂ ಕಲ್ಯಾಣ್ ಲೋಕಲ್ ರೈಲಿನ ಚಿಂತೆ. ಮನೆಗೆ ಹೋದ ಮೇಲೆ ಒಂದು ಸಾಲೂ ನೆನಪಿರುವುದಿಲ್ಲ. ಕವಿಯನ್ನು ಯಾರೂ ಏನೂ ಕೇಳಿರುವುದಿಲ್ಲ. ಅದು ನನಗೆ ಜಾಸ್ತಿ ಬೇಸರ.

ಕೇಳಿದರೆ ಏನಾಗುತ್ತದೆ ಗೊತ್ತಾ? ಈಚೆಗೆ ಡೊಂಬಿವಲಿಯಲ್ಲಿ ಒಬ್ಬರ ಮನೆಯ ಹಾಲ್‌ನಲ್ಲಿ ಸುಮ್ನೆ ಒಂದಷ್ಟು ಜನ ಕೂತಿದ್ದೆವು. ನಮ್ಮೂರಿನ ಕವಯಿತ್ರಿಯೊಬ್ಬರು ಓದಿದರು. 1982ರ ಮುಂಬೈ ಬಟ್ಟೆ ಗಿರಣಿಗಳ ಮುಷ್ಕರದ ದಿನಗಳ ಪದ್ಯ. ಮೊದಲ ಸಾಲಲ್ಲಿ ಬಾಗಿಲ ಬಳಿ ಅಪ್ಪನ ಚಪ್ಪಲಿ ಇದೆ, ಆಮೇಲೆ ಪೂರ್ತಿ ಅಮ್ಮನ ಹೊಲಿಗೆ ಮಿಷನ್ನು. ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಅಪ್ಪ ಎಲ್ಲಿ ಹೋದ್ರಮ್ಮಾ?"

ಕವಯಿತ್ರಿ ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿ, ಗೀಟು ಹಾಕಿದ್ದ ಸಾಲುಗಳನ್ನು ಓದಿದರು. ಅದರಲ್ಲಿ ಅಪ್ಪ ಇದ್ದರು. ಕೆಲಸವಿಲ್ಲದೆ ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪ. "ಇಷ್ಟು ಬಂದ ಕೂಡಲೇ ಪದ್ಯ ಪೂರ್ತಿ ಅವರದೇ ಆಗಿಬಿಡ್ತು. ಅಮ್ಮ ಕಾಣಿಸ್ಲೇ ಇಲ್ಲ. ಅದಕ್ಕೇ ತೆಗೆದೆ" ಅಂದರು. ಆಮೇಲೆ ಪದ್ಯವನ್ನು ಇನ್ನೊಮ್ಮೆ ಓದಿದರು. ಈ ಸಲ ಚಪ್ಪಲಿ ಅಂದಾಗ ನನಗೆ ಎದೆ ಹಿಂಡಿದ ಹಾಗಾಯಿತು. ಚಪ್ಪಲಿ ಅಲ್ಲೇ ಇದೆ ಅಂದರೆ ಆ ಮನುಷ್ಯ ಹೊರಗೆ ಹೋಗಿಯೇ ಇಲ್ಲ, ಅಲ್ವಾ! ಮೊದಲ ಸಲ ಕೇಳಿದಾಗ ಅದು ಹೊಳೆದಿರಲಿಲ್ಲ.

ಒಂದೇ ಪದ್ಯಕ್ಕೆ ಅರ್ಧ ಗಂಟೆ ಹಿಡಿಯಿತು. ಹಿಡಿಯಲಿ ಬಿಡಿ.

ಈ ಊರಿನಲ್ಲೇ ಅದಕ್ಕೆ ಒಳ್ಳೆಯ ಮೇಲ್ಪಂಕ್ತಿ ಇದೆ. ಮರಾಠಿಯಲ್ಲಿ ವಿಂದಾ ಕರಂದೀಕರ್, ಮಂಗೇಶ್ ಪಾಡಗಾಂವಕರ್, ವಸಂತ ಬಾಪಟ್ ಮೂವರೂ ಜೊತೆಯಾಗಿ ಮಹಾರಾಷ್ಟ್ರದ ಊರೂರು ಸುತ್ತಿ ಕವಿತೆ ಓದಿದರು. ಮೂರೇ ಜನ. ಹಾಗಿದ್ದೂ ಜನ ಬಂದು ಕೂತು ಕೇಳಿದರು. ವಿಂದಾ ಅವರಿಗೆ 2003ರ ಜ್ಞಾನಪೀಠವೂ ಬಂತು.

ನಮಗಂತೂ ಕೇಳುವ ಕವಿತೆ ಇನ್ನೂ ಜಾಸ್ತಿ ಬೇಕು. ಇಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಕೇಳಿದರೆ ಅರ್ಥವಾಗುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಅಜ್ಜಿಯ ಜೊತೆ ಕುಂದಾಪುರ ಕನ್ನಡವೋ ವಿಜಯಪುರದ ಕನ್ನಡವೋ ಕೇಳಿ ಬೆಳೆದಿರುತ್ತಾರೆ. ಅವರ ಕೈಗೆ ಕವನ ಸಂಕಲನ ಕೊಟ್ಟು ಪ್ರಯೋಜನವಿಲ್ಲ. ಕವಿಯೇ ಎದುರು ಕೂತು, ತನ್ನೂರಿನ ದನಿಯಲ್ಲಿ ನಿಧಾನವಾಗಿ ಓದಿದರೆ ಮಾತ್ರ ಇವತ್ತಿನ ಕನ್ನಡ ಕವಿತೆ ಅವರನ್ನು ತಲುಪುತ್ತದೆ. ಬೇಂದ್ರೆಯವರ ದನಿಯ ಹಳೇ ರೆಕಾರ್ಡಿಂಗ್ ಹಾಕಿದಾಗ ಲಿಪಿ ಬಾರದ ಹುಡುಗರೂ ತಲೆದೂಗಿದ್ದನ್ನು ನೋಡಿದ್ದೇನೆ. ಈಗ ಬರೆಯುತ್ತಿರುವವರನ್ನೂ ಹಾಗೇ ಕೇಳಿಸಬೇಕು.

ನಮಗೆ ಜಾಗದ ಕೊರತೆಯಿಲ್ಲ. ಮಾಟುಂಗಾದಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘ ಇದೆ, ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ಬೇಕಾಗಿರುವುದು ಸಮಯ.

ಕಾರ್ಯಕ್ರಮ ನಡೆಸುವವರಲ್ಲಿ ಕೈಮುಗಿದು ಕೇಳುತ್ತೇನೆ. ಮುಂದಿನ ಆಮಂತ್ರಣ ಅಚ್ಚಿಗೆ ಹೋಗುವ ಮುಂಚೆ ಮೂರೇ ಕವಿಗಳ ಹೆಸರು ಇಟ್ಟುಕೊಳ್ಳಿ. ಉಳಿದವರನ್ನು ಮುಂದಿನ ತಿಂಗಳು ಕರೆಯಿರಿ. ಪ್ರತಿ ಪದ್ಯವನ್ನೂ ಎರಡು ಸಲ ಓದಿಸಿ, ನಡುವೆ ಪ್ರಶ್ನೆ ಕೇಳಲು ಬಿಡಿ. ಸನ್ಮಾನವನ್ನು ಕೊನೆಗೆ ಇಟ್ಟುಕೊಳ್ಳೋಣ. ಮತ್ತೆ ದಯವಿಟ್ಟು, ಆ ಚೀಟಿ ಕಳಿಸುವುದನ್ನು ನಿಲ್ಲಿಸಿ.