ಪಂಚಾಂಗವೂ ಮದ್ದಿನ ಚಾರ್ಟೂ ಒಂದೇ ಮೊಳೆಗೆ

ಆಡಳಿತ ಸಮಿತಿಯ ಹಿರಿಯರೇ, ಅಡಿಗೆಯ ಭಟ್ರೇ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಕೂತಿರುವ ಆರೈಕೆಯ ತಂಗಿಯಂದಿರೇ, ನಮಸ್ಕಾರ.

ಸಮುದಾಯದ ವೃದ್ಧಾಶ್ರಮ ಎಂದರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮೊದಲು ಬರುವ ಪ್ರಶ್ನೆ, "ದೇವರಕೋಣೆ ಎಲ್ಲಿ, ಅಡಿಗೆಗೆ ಯಾರು?" ಕೇಳಬೇಕಾದ ಪ್ರಶ್ನೆಯೇ. ಎಪ್ಪತ್ತು ವರ್ಷ ಮಿಂದು ಸಂಧ್ಯಾವಂದನೆ ಮಾಡಿ ಉಂಡವರಿಗೆ ಕೊನೆಗಾಲದಲ್ಲಿ ಅದನ್ನು ತಪ್ಪಿಸಿದರೆ, ಉಳಿದದ್ದೆಲ್ಲ ಕೊಟ್ಟೂ ಏನೂ ಕೊಟ್ಟ ಹಾಗಾಗುವುದಿಲ್ಲ. ಆದರೆ ಹೆಚ್ಚಿನ ಕಡೆ ಪಂಚಾಂಗ ಅಡಿಗೆಮನೆಯಲ್ಲಿ ನೇತಾಡುತ್ತದೆ, ಮದ್ದಿನ ಚಾರ್ಟು ನರ್ಸಿನ ಮೇಜಿನ ಮೇಲಿರುತ್ತದೆ. ನಾಳೆ ಏಕಾದಶಿ ಎಂದು ಭಟ್ರಿಗೆ ಗೊತ್ತು, ನರ್ಸಿಗೆ ಗೊತ್ತಿಲ್ಲ. ಅಜ್ಜನಿಗೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ಇದೆ ಎಂದು ನರ್ಸಿಗೆ ಗೊತ್ತು, ಭಟ್ರಿಗೆ ಗೊತ್ತಿಲ್ಲ. ಅನಾಹುತ ಆಗುವುದು ಈ ಎರಡು ಕೋಣೆಗಳ ನಡುವೆ.

ಏಕಾದಶಿಯನ್ನೇ ನೋಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು, ಇನ್ಸುಲಿನ್ ಇವೆಲ್ಲ ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ನೋಡುವುದಿಲ್ಲ. ಸಕ್ಕರೆ ಇಳಿಸುತ್ತಲೇ ಹೋಗುತ್ತವೆ. ಮೆಟ್‌ಫಾರ್ಮಿನ್ ಒಂದೇ ಆದರೆ ಅಷ್ಟು ಭಯವಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಉಪವಾಸ ಕೂತವರು ಹನ್ನೊಂದು ಗಂಟೆಗೆ ಬೆವರುತ್ತಾರೆ, ಕೈ ನಡುಗುತ್ತದೆ, ಮಾತು ತಡವರಿಸುತ್ತದೆ. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತಿನ್ನುವವರಲ್ಲಿ ಕೆಲವೊಮ್ಮೆ ಆ ನಡುಕವೂ ಕಾಣುವುದಿಲ್ಲ. "ಅಜ್ಜನಿಗೆ ಪ್ರಾಯ ಆಯಿತು, ಮರುಳು ಮಾತಾಡುತ್ತಾರೆ" ಎಂದು ಬಿಟ್ಟುಬಿಡುತ್ತೇವೆ. ಬಿಡಬಾರದು. ಬೆರಳಿಗೆ ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು ಮಾಡಿ.

ಇನ್ನೊಂದು ಮಗ್ಗುಲೂ ಇದೆ. ಏಕಾದಶಿಯ ಫಲಾಹಾರ ಎಂದರೆ ನಮ್ಮಲ್ಲಿ ಉಪವಾಸ ಹೆಸರಿಗೆ ಮಾತ್ರ: ಸಜ್ಜಿಗೆ, ನಾಲ್ಕು ಕದಳಿಹಣ್ಣು, ಬೆಲ್ಲದ ಪಾನಕ. ಸಂಜೆ ಸಕ್ಕರೆ 300 ದಾಟಲೂಬಹುದು. ಆದ್ದರಿಂದ ಉಪವಾಸದ ದಿನ ಯಾವ ಮಾತ್ರೆ ಬಿಡಬೇಕು, ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಎಂದು ಡಾಕ್ಟರಲ್ಲಿ ಮೊದಲೇ ಕೇಳಿ, ಪ್ರತಿಯೊಬ್ಬರ ಚಾರ್ಟಿನ ಹಿಂಬದಿಗೆ ಕೆಂಪು ಶಾಯಿಯಲ್ಲಿ ಬರೆಸಿಡಿ. ನಾವಾಗಿಯೇ ಇನ್ಸುಲಿನ್ ಪೂರ್ತಿ ನಿಲ್ಲಿಸುವುದೂ ಅಪಾಯವೇ.

ಗ್ರಹಣದ್ದೂ ಇದೇ ಲೆಕ್ಕ. ಚಂದ್ರಗ್ರಹಣಕ್ಕೆ ಮೂರು ಯಾಮ, ಸೂರ್ಯಗ್ರಹಣಕ್ಕೆ ನಾಲ್ಕು ಯಾಮ ಮೊದಲೇ ಊಟ ಬಿಡಬೇಕೆಂದು ಹಿಡಿದರೆ ಒಂಬತ್ತು, ಹನ್ನೆರಡು ಗಂಟೆಗಳ ಉಪವಾಸ. ಬಾಲರು, ವೃದ್ಧರು, ರೋಗಿಗಳಿಗೆ ರಿಯಾಯಿತಿ ಇದೆ ಎಂದು ಪಂಚಾಂಗವೇ ಹೇಳುತ್ತದೆ. ಆ ಸಾಲನ್ನು ಓದಿ ಹೇಳುವ ಕೆಲಸ ನರ್ಸಿನದ್ದಲ್ಲ, ಪುರೋಹಿತರದ್ದು. ಡಾಕ್ಟರು ಹತ್ತು ಸಲ ಹೇಳಿದರೂ ಕೇಳದ ಅಜ್ಜಿ, ಭಟ್ರು ಒಂದು ಸಲ "ನಿಮಗೆ ದೋಷ ಇಲ್ಲ ಅಮ್ಮಾ" ಎಂದರೆ ಗಂಜಿ ಕುಡಿಯುತ್ತಾರೆ. ಪುರೋಹಿತರನ್ನು ಆರೈಕೆಯ ತಂಡದವರೆಂದೇ ಲೆಕ್ಕ ಹಾಕಿ ಎನ್ನುವುದು ಇದಕ್ಕೇ.

ಈಗ ಊಟ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ, ಯಾಕೆಂದರೆ ಹೊಟ್ಟೆ ತುಂಬಿಯೂ ಮೈ ಸೊರಗುವುದು ನಮ್ಮ ಸಾತ್ವಿಕ ಅಡಿಗೆಯ ಗುಟ್ಟು. 50 ಕಿಲೋ ತೂಕದ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನು ಬೇಕು. ಬೆಳಿಗ್ಗೆ ಮೂರು ತೆಳ್ಳವು (ನೀರುದೋಸೆ), ಕಾಯಿಚಟ್ನಿ: ಆರು ಗ್ರಾಂ. ಮಧ್ಯಾಹ್ನ ನೂರು ಗ್ರಾಂ ಅಕ್ಕಿಯ ಅನ್ನ: ಏಳು. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು, ಹತ್ತು ಗ್ರಾಂ ಇದ್ದರೆ ಪುಣ್ಯ: ಎರಡು. ನೀರುಮಜ್ಜಿಗೆ: ಎರಡು. ಎರಡು ಹೊತ್ತಿನ ಕಾಫಿಯ ಹಾಲು: ಆರು. ಸಂಜೆ ಒಂದು ಹಿಡಿ ಅವಲಕ್ಕಿ: ಎರಡು. ರಾತ್ರಿ ಗಂಜಿ, ಉಪ್ಪಿನಕಾಯಿ: ನಾಲ್ಕು. ಕೂಡಿಸಿದರೆ ಮೂವತ್ತಕ್ಕೂ ಒಂದು ಕಡಿಮೆ. ಎಲೆ ತುಂಬ ಬಡಿಸಿದ್ದೇವೆ, ಬೇಕಾದ್ದರ ಅರ್ಧವೇ ಕೊಟ್ಟಿದ್ದೇವೆ. ತೊಡೆಯ ಮಾಂಸ ಕರಗುತ್ತದೆ, ಕುರ್ಚಿಯಿಂದ ಏಳಲಾಗುವುದಿಲ್ಲ, ಎದ್ದರೆ ಬೀಳುತ್ತಾರೆ. ಮಲಗಿದವರಾದರೆ ಹುಣ್ಣು ಮಾಯುವುದಿಲ್ಲ.

ಮೊಟ್ಟೆ ಹೇಳಿಲ್ಲ, ಹೆದರಬೇಡಿ. ಬೆಳಿಗ್ಗೆ 30 ಗ್ರಾಂ ಹೆಸರುಕಾಳಿನ ಉಸಲಿ ಅಥವಾ ತೆಳ್ಳವಿನ ಬದಲು ಉದ್ದಿನ ದೋಸೆ. ಮಧ್ಯಾಹ್ನ ಒಬ್ಬರಿಗೆ 30 ಗ್ರಾಂ ಬೇಳೆ ಬೀಳುವ ಹಾಗೆ ದಪ್ಪ ತೊವ್ವೆ, ಮಜ್ಜಿಗೆಯ ಬದಲು 150 ಗ್ರಾಂ ಗಟ್ಟಿ ಮೊಸರು. ಮಲಗುವಾಗ ಒಂದು ಲೋಟ ಹಾಲು. ಇಷ್ಟರಿಂದಲೇ 50ರ ಹತ್ತಿರ ಬರುತ್ತದೆ. ಜೊತೆಗೆ ಸಸ್ಯಾಹಾರಿಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಬಿ12 ಕಡಿಮೆಯಾಗುತ್ತದೆ. ಪಾದ ಜೋಮು ಹಿಡಿಯುವುದು, ಮರೆವು ಹೆಚ್ಚುವುದು ಅದರಿಂದಲೂ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ ನೋಡಿ.

ಶಿವಳ್ಳಿ ಬ್ರಾಹ್ಮಣ ಹಿರಿಯರು ಚಾತುರ್ಮಾಸ್ಯದ ನಾಲ್ಕು ತಿಂಗಳ ವ್ರತ ಹಿಡಿದರೆ ಲೆಕ್ಕ ತಿಂಗಳು ತಿಂಗಳಿಗೆ ಬದಲಾಗುತ್ತದೆ. ಮೊದಲ ತಿಂಗಳ ಶಾಕವ್ರತದಲ್ಲಿ ತರಕಾರಿ ಇಲ್ಲ, ನಾರಿನಂಶ ಹೋಗಿ ಮಲಬದ್ಧತೆ ಬರುತ್ತದೆ; ನೀರು ಹೆಚ್ಚಿಸಿ, ಇಸಬ್‌ಗೋಲು ಕೊಡಬಹುದೇ ಎಂದು ಡಾಕ್ಟರಲ್ಲಿ ಕೇಳಿ. ಎರಡನೆಯ ತಿಂಗಳು ಮೊಸರು ಬಿಟ್ಟರೆ ಹಾಲು ಹೆಚ್ಚಿಸಿ, ಮೂರನೆಯದರಲ್ಲಿ ಹಾಲು ಬಿಟ್ಟರೆ ಮೊಸರು ಮತ್ತು ಬೇಳೆ. ಕೊನೆಯ ದ್ವಿದಳ ವ್ರತವೇ ಕಷ್ಟ. ಬೇಳೆಕಾಳು ಒಂದೂ ಇಲ್ಲ, ಹಾಗಾಗಿ ಹಾಲು ಮೊಸರು ಎರಡೂ ಸೇರಿ ಮುಕ್ಕಾಲು ಲೀಟರು ಹೋಗಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. "ಬೊಂಡ ತಂಪು" ಎಂದು ದಿನಾ ಎಳನೀರು ಕೆತ್ತಿಸಿ ಕೊಡುವುದೂ ಅವರಿಗೆ ಬೇಡ. ಅದರಲ್ಲಿ ಪೊಟ್ಯಾಸಿಯಂ ಬಹಳ.

ಕಟ್ಟಡದ ವಿಷಯ ಚುಟುಕಾಗಿ ಹೇಳುತ್ತೇವೆ. ಗಾಲಿಕುರ್ಚಿ ಹೋಗಬೇಕಾದರೆ ಬಾಗಿಲು 90 ಸೆಂ.ಮೀ. ಬೇಕು, ಹೊಸ್ತಿಲು ಬೇಡ. ಕಮೋಡಿನ ಪಕ್ಕದ ಹಿಡಿಕಂಬಿ ಒದ್ದೆ ಕೈಗೂ ಹಿಡಿತ ಸಿಗುವಷ್ಟು ದಪ್ಪ ಇರಬೇಕು. ಟವೆಲ್ ಹಾಕುವ ಸರಿಗೆ ಹಿಡಿಕಂಬಿಯಲ್ಲ, ಮೈಭಾರಕ್ಕೆ ಕಿತ್ತು ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆಟಿ ತಿಂಗಳ ಮಳೆಯಲ್ಲಿ ತುಳಸಿಕಟ್ಟೆಯ ಸುತ್ತ ಹಾವಸೆ ಕಟ್ಟುತ್ತದೆ, ಮಡಿಸೀರೆಯ ಒದ್ದೆ ಸೆರಗು ಕಾಲಿಗೆ ಸುತ್ತುತ್ತದೆ, ಸೊಂಟದ ಎಲುಬು ಮುರಿಯುವುದು ಅಲ್ಲೇ. ಮಳೆಗಾಲಕ್ಕೆ ಒಳಗೇ ಒಂದು ತುಳಸಿ ಚಟ್ಟಿ ಇಟ್ಟುಬಿಡಿ. ಮಡಿಬಟ್ಟೆ ಪೂರ್ತಿ ಒಣಗಿದ ಮೇಲೆಯೇ ಉಡಿಸಿ. ಹಸಿ ಬಟ್ಟೆಯಿಂದ ತೊಡೆಸಂದಿಗೆ ಹುಳಕಡ್ಡಿ ಬಂದರೆ ಬೇಗ ಹೋಗದು.

ರಾತ್ರಿಗೆ ಬನ್ನಿ. ಇಪ್ಪತ್ತು ಮಂದಿಯಲ್ಲಿ ಆರು ಮಂದಿ ಹಾಸಿಗೆ ಹಿಡಿದವರು ಎಂದಿಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಐದು ಸುತ್ತು, ಆರು ಮಂದಿ: ಮೂವತ್ತು ಸಲ. ಒಬ್ಬಳೇ ಹುಡುಗಿ ಮಾಡಿದರೆ ಎತ್ತುವುದಿಲ್ಲ, ಎಳೆಯುತ್ತಾಳೆ. ಎಳೆದಾಗ ಚರ್ಮದ ಒಳಪದರ ಹರಿಯುತ್ತದೆ. ಸಂಬಳ ಉಳಿಸಲು ರಾತ್ರಿಗೆ ಒಬ್ಬರನ್ನೇ ಇಟ್ಟು, ಬೆನ್ನಹುಣ್ಣಿಗೆ ಅದರ ನಾಲ್ಕು ಪಾಲು ಖರ್ಚು ಮಾಡುವ ಲೆಕ್ಕ ನಮಗೆ ಅರ್ಥವಾಗುವುದಿಲ್ಲ. ಬಾಲದೆಲುಬು, ಹಿಮ್ಮಡಿ, ಸೊಂಟದ ಬದಿ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿದಾಗ ಬಿಳುಚಿದರೆ ಸಮಯವಿದೆ, ಬಿಳುಚದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಕಾಣದು, ಬಿಸಿಯೋ ಗಟ್ಟಿಯೋ ಮುಟ್ಟಿ ನೋಡಬೇಕು. ಅಲ್ಲಿ ತೆಂಗಿನೆಣ್ಣೆ ಹಾಕಿ ತಿಕ್ಕಬೇಡಿ, ನಡುವೆ ತೂತಿರುವ ರಿಂಗು ದಿಂಬಿನ ಮೇಲೆ ಕೂರಿಸಬೇಡಿ. ಗಾಳಿಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಭಾಷೆಯೂ ಆರೈಕೆಯೇ. ಮರೆವಿನ ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಹೆಚ್ಚಾಗಿ ಮೊದಲು ಹೋಗುತ್ತದೆ, ಮನೆಮಾತು ಉಳಿಯುತ್ತದೆ. ಕೇರಳದ ತೆಂಕಣ ಜಿಲ್ಲೆಗಳಿಂದ ಬಂದ ಮಲಯಾಳದ ಹುಡುಗಿಗೆ ಬಾಯಾರಿಕೆ ಎಂದರೆ "ದಾಹಂ" ಎಂದು ಗೊತ್ತು. ಹವ್ಯಕ ಅಜ್ಜಿ "ಆಸರಾವ್ತು" ಎನ್ನುತ್ತಾರೆ, ತುಳುವಿನ ಅಜ್ಜ "ಬಾಜೆಲ್" ಎನ್ನುತ್ತಾರೆ. ನೀರು ಸಿಗುವುದಿಲ್ಲ, ಗಲಾಟೆ ಆಗುತ್ತದೆ, ಗಲಾಟೆಗೆ ನಿದ್ದೆಮಾತ್ರೆ ಸಿಗುತ್ತದೆ. ಬಾಯಾರಿಕೆ, ಹಸಿವು, ನೋವು, ಮೂತ್ರ, ಚಳಿ, ಹೆದರಿಕೆ ಇಂಥ ಇಪ್ಪತ್ತು ಮಾತುಗಳನ್ನು ಪ್ರತಿಯೊಬ್ಬರ ಮನೆಮಾತಿನಲ್ಲಿ ಕೇಳಿ, ಮಲಯಾಳ ಲಿಪಿಯಲ್ಲೇ ಬರೆದು ಮಂಚದ ತಲೆಗೆ ಅಂಟಿಸಿ. ಖರ್ಚು ಒಂದು ಹಾಳೆ ಕಾಗದ.

ಮಂಗಳೂರಿನ ಡಾಕ್ಟರ ಚೀಟಿ, ಕಾಸರಗೋಡಿನ ಡಾಕ್ಟರ ಚೀಟಿ ಎರಡೂ ಒಂದೇ ಫೈಲಿನಲ್ಲಿರಲಿ. ಒಂದೇ ಮದ್ದು ಎರಡು ಕಂಪೆನಿಯ ಹೆಸರಲ್ಲಿ ಎರಡು ಸಲ ಹೊಟ್ಟೆಗೆ ಹೋಗುವುದುಂಟು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಇದ್ದದ್ದು ನೆನಪಿದೆಯಲ್ಲ? ಹಾಸಿಗೆ ಹಿಡಿದವರನ್ನು ಇದ್ದಲ್ಲಿಗೇ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸಿನ ಪರಿಚಯ ಈಗಲೇ ಮಾಡಿಕೊಂಡಿರಿ.

ಕೊನೆಗೆ ಎರಡು ಸೂಕ್ಷ್ಮ ವಿಷಯ. ಮಲಗಿದಲ್ಲೇ ಬಾಯಿಗೆ ತೀರ್ಥ ಬಿಡುವುದು. ಪಾರ್ಶ್ವವಾಯು ಆದವರಿಗೆ ನೀರಿನಷ್ಟು ತೆಳ್ಳಗಿನದು ನುಂಗಲು ಎಲ್ಲಕ್ಕಿಂತ ಕಷ್ಟ. ಒಂದು ಉದ್ಧರಣೆ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಎಚ್ಚರವಿದ್ದರೆ ಎತ್ತಿ ಕೂರಿಸಿ ಕೊಡಿ. ಎಚ್ಚರವಿಲ್ಲದಿದ್ದರೆ ತುಳಸಿದಳ ಅದ್ದಿ ತುಟಿಗೆ ತೇವ ಮಾಡಿ, ಸಾಕು.

ಇನ್ನೊಂದು ಸಾವಿನ ದಿನದ್ದು. ಮಕ್ಕಳು ಬರುವವರೆಗೆ ಹೆಣ ಇಟ್ಟಿರುತ್ತೇವೆ, ಅದು ಹೊರಡುವವರೆಗೆ ಒಲೆ ಹಚ್ಚುವುದಿಲ್ಲ. ಆದರೆ ಏಳು ಗಂಟೆಗೆ ಆಚೆ ಕೋಣೆಯ ಅಜ್ಜನಿಗೆ ಇನ್ಸುಲಿನ್ ಚುಚ್ಚಿ ಆಗಿದೆ. ಅಂಥ ದಿನಕ್ಕೆಂದೇ ಹಾಲು, ಅವಲಕ್ಕಿ, ಬಾಳೆಹಣ್ಣು ಬೇರೆ ಕೋಣೆಯಲ್ಲಿ ಇಟ್ಟಿರಬೇಕು, ಯಾರಿಗೆ ಮೊದಲು ಕೊಡಬೇಕೆಂಬ ಪಟ್ಟಿ ಆ ಬಾಗಿಲಿಗೇ ಅಂಟಿಸಿರಬೇಕು, ಬೀಗದ ಕೈ ರಾತ್ರಿ ಪಾಳಿಯವಳ ಹತ್ತಿರ ಇರಬೇಕು.