ಮ್ಯಾಕ್ ಹೊಸದಾಯಿತು, ಫೋಟೋಗಳೆಲ್ಲಿ?

ಕೇಳುಗರಿಗೆ ನಮಸ್ಕಾರ.

ಮ್ಯಾಕ್ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಆಪರೇಟಿಂಗ್ ಸಿಸ್ಟಂ ಮರಳಿ ಹಾಕಿದ್ದೀರಿ. ಚಿತ್ರಗಳನ್ನಿಡುವ ಫೋಟೋಸ್ ಆ್ಯಪ್ ತೆರೆದರೆ ಒಳಗೆ ಖಾಲಿ. ಗಾಬರಿ ಬೇಡ, ಅವಸರವೂ ಬೇಡ. ಮೊದಲು ಬ್ರೌಸರಿನಲ್ಲಿ ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್ ಡಾಟ್ ಕಾಮ್‌ಗೆ ಹೋಗಿ ಅಲ್ಲಿ ಎಷ್ಟು ಚಿತ್ರ, ಎಷ್ಟು ವಿಡಿಯೊ ಇವೆ ನೋಡಿ ಬರೆದಿಟ್ಟುಕೊಳ್ಳಿ.

ಎಲ್ಲವೂ ಅಲ್ಲಿದ್ದರೆ ಕೆಲಸ ಸಲೀಸು. ಫೋಟೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಐಕ್ಲೌಡ್ ಫೋಟೋಸ್‌ಗೆ ಟಿಕ್ ಹಾಕಿ. ಮೂಲ ಚಿತ್ರಗಳನ್ನೇ ಇಳಿಸಿಕೊಳ್ಳಲು 'ಡೌನ್‌ಲೋಡ್ ಒರಿಜಿನಲ್ಸ್'. ಡಿಸ್ಕಿನಲ್ಲಿ ಜಾಗ ಸಾಲದಿದ್ದರೆ 'ಆಪ್ಟಿಮೈಸ್ ಸ್ಟೋರೇಜ್'. ಮೊದಲು ಚಿಕ್ಕ ಚಿತ್ರಗಳಷ್ಟೇ ಬರುತ್ತವೆ. ಒಂದನ್ನು ತೆರೆದರೆ ಕ್ಷಣಕಾಲ ಮಸುಕಾಗಿ ಕಂಡು ಆಮೇಲೆ ತಿಳಿಯಾಗುತ್ತದೆ. 200 ಜಿಬಿ ಇಳಿಯಲು 40 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ಓಡಿದರೂ 11 ಗಂಟೆ ಬೇಕು. ಚಾರ್ಜರ್ ಹಾಕಿಡಿ, ಮ್ಯಾಕ್ ನಿದ್ದೆಗೆ ಹೋಗದಂತೆ ನೋಡಿಕೊಳ್ಳಿ.

ತೊಡಕು ಬರುವುದು ಹೊರಗಿನ ಡಿಸ್ಕಿನಲ್ಲಿ ಹಳೆಯ ಲೈಬ್ರರಿ, ಅಂದರೆ ಫೋಟೋಸ್ ತನ್ನ ಚಿತ್ರ, ಆಲ್ಬಂಗಳನ್ನೆಲ್ಲ ಕೂಡಿಡುವ ಕಟ್ಟು, ಇದ್ದಾಗ. ಅದರ ಗಾತ್ರ ನೋಡಿ. ಐಕ್ಲೌಡ್‌ನಲ್ಲಿ 180 ಜಿಬಿ ಇದ್ದು ಡಿಸ್ಕಿನದು ಬರೀ 20 ಜಿಬಿ ಇದ್ದರೆ, ಹಿಂದೆ ಆಪ್ಟಿಮೈಸ್ ಚಾಲೂ ಇತ್ತೆಂದೇ ಲೆಕ್ಕ. ಹೆಚ್ಚಿನ ಮೂಲ ಚಿತ್ರಗಳು ಅದರಲ್ಲಿಲ್ಲ. ಅದನ್ನು ಬ್ಯಾಕಪ್ ಎಂದು ನಂಬಿ ಕೂರಬೇಡಿ.

ಗಾತ್ರ ಸರಿಯಿದ್ದರೂ, ಲೈಬ್ರರಿಯ ಒಳಗಿನ ಫೈಲುಗಳನ್ನು ಎಳೆದು ತಂದು ಇಂಪೋರ್ಟ್ ಮಾಡಬೇಡಿ. ಹಲವರು ಎಡವುವುದು ಇಲ್ಲೇ: ಆಲ್ಬಂ ಹೋಗುತ್ತದೆ, ತಿದ್ದಿದ್ದು ಹೋಗುತ್ತದೆ, ಒಂದೊಂದು ಚಿತ್ರ ಎರಡೆರಡಾಗುತ್ತದೆ. ಇಡೀ ಲೈಬ್ರರಿಯನ್ನು ಪಿಕ್ಚರ್ಸ್ ಫೋಲ್ಡರಿಗೆ ನಕಲು ಮಾಡಿ. ಆಪ್ಷನ್ ಕೀ ಒತ್ತಿ ಹಿಡಿದೇ ಫೋಟೋಸ್ ತೆರೆದು ಅದನ್ನು ಆರಿಸಿ. ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ 'ಯೂಸ್ ಆ್ಯಸ್ ಸಿಸ್ಟಂ ಫೋಟೋ ಲೈಬ್ರರಿ' ಒತ್ತಿ, ಆಮೇಲೆ ಐಕ್ಲೌಡ್ ಚಾಲೂ ಮಾಡಿ. ಐಕ್ಲೌಡ್ ಜೊತೆ ಬೆರೆಯುವುದು ಈ ಒಂದು ಲೈಬ್ರರಿ ಮಾತ್ರ. 'ಅಪ್‌ಲೋಡಿಂಗ್' ಎಂದು ಸಾವಿರಾರು ಸಂಖ್ಯೆ ತೋರಿಸಿದರೆ ಹೆದರಬೇಡಿ, ಬಹುಪಾಲು ಅದು ತಾಳೆ ನೋಡುವ ಕೆಲಸ. ಜೋಡಿ ಉಳಿದರೆ 2022ರ ವೆಂಚುರಾ ಎಂಬ ಆಪರೇಟಿಂಗ್ ಸಿಸ್ಟಂ ಆವೃತ್ತಿ ಅಥವಾ ಅದರ ನಂತರದ್ದು ಇರುವ ಮ್ಯಾಕ್‌ಗಳಲ್ಲಿ 'ಡೂಪ್ಲಿಕೇಟ್ಸ್' ಆಲ್ಬಂ ಇದೆ, ಅಲ್ಲೇ ಮರ್ಜ್ ಮಾಡಬಹುದು.

ಲೈಬ್ರರಿಯನ್ನು ಹೊರಗಿನ ಡಿಸ್ಕಿನಿಂದಲೇ ನಡೆಸುವುದಾದರೆ ಡಿಸ್ಕಿನ ಫಾರ್ಮ್ಯಾಟ್ ಎಪಿಎಫ್‌ಎಸ್ ಅಥವಾ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಆಗಿರಲಿ, ಎಕ್ಸ್‌ಫ್ಯಾಟ್ ಆಗದು. ಲೈಬ್ರರಿ ತೆರೆಯದೆ ಮೊಂಡು ಹಿಡಿದರೆ ಕಮಾಂಡ್, ಆಪ್ಷನ್ ಎರಡನ್ನೂ ಹಿಡಿದು ಫೋಟೋಸ್ ತೆರೆಯಿರಿ, ರಿಪೇರಿ ಮಾಡಲೇ ಎಂದು ಕೇಳುತ್ತದೆ.

ಐಕ್ಲೌಡ್ ಚಾಲೂ ಇರುವಾಗ ಜಾಗ ಮಾಡಲೆಂದು ಮ್ಯಾಕಿನಲ್ಲಿ ಚಿತ್ರ ಅಳಿಸಿದರೆ ಫೋನಿನಲ್ಲೂ ಹೋಗುತ್ತದೆ. 'ರೀಸೆಂಟ್ಲಿ ಡಿಲೀಟೆಡ್'ನಲ್ಲಿ 30 ದಿನ ಸಿಗುತ್ತದೆ, ಅಷ್ಟೇ.

ಮುಖ ಗುರುತಿಸುವ ಕೆಲಸವನ್ನು ಮ್ಯಾಕ್ ಸುಮ್ಮನಿದ್ದಾಗ ತಾನೇ ಮುಗಿಸುತ್ತದೆ. ನೀವು ಕೊಟ್ಟ ಷರತ್ತಿನಂತೆ ತಾವೇ ಚಿತ್ರ ಆರಿಸಿಕೊಳ್ಳುವ ಸ್ಮಾರ್ಟ್ ಆಲ್ಬಂಗಳು ಮಾತ್ರ ಐಕ್ಲೌಡಿಗೆ ಹೋಗುವುದೇ ಇಲ್ಲ. ಹಳೆಯ ಲೈಬ್ರರಿ ಕೈಲಿಲ್ಲದಿದ್ದರೆ ಅವನ್ನು ಕೂತು ಮತ್ತೆ ಮಾಡಬೇಕು. ನಮಸ್ಕಾರ.