ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ

ಕೇಳುಗರಿಗೆ ನಮಸ್ಕಾರ. ಹಾರ್ಮೋನು, ಕಿಡ್ನಿ, ಮೈಯ ನೀರಿನ ಲೆಕ್ಕ, ಇವುಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ಮಂಡಿ ನೋವಿಗೋ, ದಮ್ಮಿಗೋ, ಚರ್ಮದ ತೊಂದರೆಗೋ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿರುವವರು ಮತ್ತು ಅವರ ಮನೆಯವರು ಇದನ್ನು ಕೇಳುತ್ತಿದ್ದಾರೆ ಅಂದುಕೊಂಡೇ ಮಾತು ಶುರು ಮಾಡುತ್ತೇನೆ. ಹೇಳಬೇಕಾದ್ದು ಒಂದೇ. ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ.

ಯಾಕೆ ಅಂತ ತಿಳಿಯಲು ಕೆರೆ ಏರಿಯ ಮೇಲೆ ನಿಲ್ಲೋಣ. ಕೋಲಾರ, ತುಮಕೂರು ಕಡೆಯವರಿಗೆ ನೀರುಗಂಟಿ ಗೊತ್ತು. ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು, ಎಲ್ಲ ಅವನ ಲೆಕ್ಕ. ನಮ್ಮ ಮೈಯಲ್ಲೂ ಒಬ್ಬ ನೀರುಗಂಟಿ ಇದ್ದಾನೆ. ಅದು ವಾಸೋಪ್ರೆಸಿನ್ ಎಂಬ ಹಾರ್ಮೋನು. ಮೆದುಳಿನಲ್ಲಿ ತಯಾರಾಗಿ, ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಇಳಿಯುತ್ತದೆ.

ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಂಶವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಕೊನೆಯ ಪಾಲಿನ ನೀರನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಹೇಳುವವನು ಈ ನೀರುಗಂಟಿ. ಅವನು ಬಂದರೆ ಕಿಡ್ನಿಯ ಕೊಳವೆಗಳಲ್ಲಿ ನೀರಿನ ಸಣ್ಣ ಬಾಗಿಲುಗಳು ತೆರೆಯುತ್ತವೆ, ನೀರು ರಕ್ತಕ್ಕೆ ಮರಳುತ್ತದೆ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುತ್ತದೆ. ಅವನು ಬಾರದಿದ್ದರೆ ತಿಳಿಯಾದ ಮೂತ್ರ ಧಾರಾಳವಾಗಿ ಹೋಗುತ್ತದೆ. ಜೀವಕೋಶಗಳಲ್ಲಿ ಇಂಥ ನೀರಿನ ಬಾಗಿಲುಗಳಿವೆ ಎಂದು ತೋರಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಎಷ್ಟು ಸೊಗಸಾದ ವ್ಯವಸ್ಥೆ ಅಲ್ವಾ!

ಈಗ ಎರಡನೆಯವನ ಪರಿಚಯ. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ಜ್ವರ, ಪೆಟ್ಟು, ಆಪರೇಷನ್, ಭಯ, ಮೈಗೆ ಏನೇ ಕಷ್ಟ ಬರಲಿ, ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಬಿಪಿ ಕುಸಿಯದಂತೆ, ರಕ್ತದಲ್ಲಿ ಸಕ್ಕರೆ ಇಳಿಯದಂತೆ ಅದು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ಕೆಲಸವೂ ಅದಕ್ಕಿದೆ. ನೀರುಗಂಟಿಗೆ "ಇಷ್ಟು ಸಾಕು" ಎಂದು ಹೇಳುವುದು.

ಚಳ್ಳಕೆರೆ ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಅರವತ್ತು ದಾಟಿದ ಗಟ್ಟಿ ಜೀವ. ಮಂಡಿ ನೋವಿಗೆ ಯಾರೋ ಕಾಗದದಲ್ಲಿ ಕಟ್ಟಿಕೊಟ್ಟ ಬಿಳಿ ಮಾತ್ರೆಯನ್ನು ಎರಡು ವರ್ಷ ನುಂಗಿದ್ದರು. ಹೆಸರಿಲ್ಲ, ಚೀಟಿಯಿಲ್ಲ. ನೋವು ಮಾಯವಾಗಿತ್ತು, ಹೊಲಕ್ಕೂ ಹೋಗುತ್ತಿದ್ದರು. ಮುಖ ಮಾತ್ರ ದುಂಡಗಾಗಿತ್ತು. ಒಂದು ದಿನ ಬಸ್ಸಿನಲ್ಲಿ ಪಕ್ಕದವರು, "ಅದು ಸ್ಟೀರಾಯ್ಡು ಕಣಮ್ಮ, ಕಿಡ್ನಿ ತಿಂದುಬಿಡುತ್ತೆ" ಎಂದು ಹೆದರಿಸಿದರು. ಅಜ್ಜಿ ಮನೆಗೆ ಬಂದವರೇ ಅಷ್ಟನ್ನೂ ತಿಪ್ಪೆಗೆ ಎಸೆದರು.

ನಾಲ್ಕನೇ ದಿನಕ್ಕೆ ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ. ಸುಸ್ತಾಗಿದೆ ಅಂತ ಸೊಸೆ ಪಾಪ, ಚೊಂಬುಗಟ್ಟಲೆ ಗ್ಲೂಕೋಸ್ ನೀರು ಕುಡಿಸಿದಳು. ಅಜ್ಜಿ ಇನ್ನಷ್ಟು ಮಂಕಾದರು. ನನ್ನ ಹತ್ತಿರ ಕರೆತಂದಾಗ ಮಗನ ಹೆಸರೇ ನೆನಪಿರಲಿಲ್ಲ. ಮೇಲಿನ ಬಿಪಿ 80. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, 135ರಿಂದ 145 ಇರಬೇಕಾದ್ದು 116ಕ್ಕೆ ಇಳಿದಿತ್ತು. ಲಕ್ವ ಹೊಡೆದಿದೆ ಎಂದು ಮನೆಯವರು ಅಳುತ್ತಿದ್ದರು.

ಆಗಿದ್ದು ಇಷ್ಟು. ಆ ಮಾತ್ರೆ ಕಾರ್ಟಿಸಾಲ್‌ನ ನೆಂಟ. ದಿನಾ ಹೊರಗಿನಿಂದ ಊಟ ಬರುತ್ತಿದ್ದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಅಡ್ರಿನಲ್ ಗ್ರಂಥಿ ಎರಡು ವರ್ಷ ಒಲೆ ಹಚ್ಚಿರಲಿಲ್ಲ. ಹೊರಗಿನ ಊಟ ಏಕಾಏಕಿ ನಿಂತಿತು, ಒಲೆ ಹತ್ತಲಿಲ್ಲ. ಬಿಪಿ ಕುಸಿಯಿತು. ನೀರುಗಂಟಿಗೆ ಸಾಕು ಅನ್ನುವವರೂ ಇಲ್ಲ. ಅವನು ನೀರನ್ನು ಹಿಡಿಯುತ್ತಲೇ ಹೋದ. ಕುಡಿಸಿದ ನೀರೆಲ್ಲ ಒಳಗೇ ನಿಂತು ರಕ್ತದ ಉಪ್ಪು ತೆಳುವಾಯಿತು. ಉಪ್ಪು ತೆಳುವಾದರೆ ಮೆದುಳು ಊದಿಕೊಂಡು ಮಂಕಾಗುತ್ತದೆ.

ಹೈಡ್ರೋಕಾರ್ಟಿಸೋನ್, ಅಂದರೆ ಔಷಧದ ರೂಪದ ಕಾರ್ಟಿಸಾಲ್, ಇಂಜೆಕ್ಷನ್ ಕೊಟ್ಟೆವು, ಸಲೈನ್ ಹಾಕಿದೆವು. ಸಂಜೆಗೆ ಬಿಪಿ ಏರಿತು. ರಾತ್ರಿಯಿಡೀ ಮೂತ್ರ ಹೋಯಿತು. ನೀರುಗಂಟಿಗೆ ಮಾತು ಕೇಳಿಸಿತ್ತು! ಮೂರನೇ ದಿನ ಬೆಳಿಗ್ಗೆ ಅಜ್ಜಿ ಎದ್ದು ಕೂತು, "ಯಾರಪ್ಪಾ ನೀನು, ಒಂದು ಲೋಟ ಮಜ್ಜಿಗೆ ಸಿಗುತ್ತಾ?" ಎಂದರು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಸಂತೋಷ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ದಯವಿಟ್ಟು ಗಮನವಿಟ್ಟು ಕೇಳಿ. ಸ್ಟೀರಾಯ್ಡ್ ವಿಷ ಅಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೀಲುವಾತದಿಂದ ನಡೆಯಲಾರದೆ ಮಲಗಿದ್ದ ಹೆಂಗಸು ಇದೇ ಜಾತಿಯ ಔಷಧದಿಂದ ಕೆಲವೇ ದಿನಗಳಲ್ಲಿ ನಡೆದಾಡಿದರು. ಹೆಸರಿಲ್ಲದ ಮಾತ್ರೆ ನುಂಗುವುದು ತಪ್ಪು. ಹೆದರಿ ಒಮ್ಮೆಲೇ ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಮೂರು ವಾರಕ್ಕಿಂತ ಜಾಸ್ತಿ ತೆಗೆದುಕೊಂಡಿದ್ದರೆ ಡಾಕ್ಟರ ಹತ್ತಿರ ಹೋಗಿ, ಸ್ವಲ್ಪ ಸ್ವಲ್ಪವೇ ಇಳಿಸಿ. ನಿಧಾನವಾದರೂ ಒಲೆ ಹತ್ತಿಕೊಳ್ಳುತ್ತದೆ. ಹತ್ತುವ ತನಕ ಜ್ವರ ಬಂದರೂ, ಹಲ್ಲು ಕೀಳಿಸಬೇಕಾದರೂ ಮೊದಲು ಡಾಕ್ಟರಿಗೆ ಹೇಳಿ.

ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂದೂ ಹೇಳಬೇಕಿತ್ತು, ಸಮಯ ಅಜ್ಜಿಗೇ ಹೋಯಿತು. ಆರೋಗ್ಯವಾಗಿರುವವರು ಬಾಯಾರಿದಾಗ ಕುಡಿಯಿರಿ, ಸಾಕು. ನೀರುಗಂಟಿ ಉಳಿದದ್ದನ್ನು ನೋಡಿಕೊಳ್ಳುತ್ತಾನೆ.

ಅಜ್ಜಿಯ ಮಾತ್ರೆ ಪೂರ್ತಿ ನಿಲ್ಲಲು ಹತ್ತು ತಿಂಗಳು ಹಿಡಿಯಿತು. ಅಷ್ಟೂ ದಿನ ಮಾತ್ರೆಯ ಹೆಸರು, ಪ್ರಮಾಣ ಬರೆದ ಚೀಟಿಯನ್ನು ಎಲೆ ಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದರು. ಪ್ರತಿ ಸಲ ಬಂದಾಗ ಸುಣ್ಣದ ಡಬ್ಬಿಯ ಕೆಳಗಿನಿಂದ ಅದನ್ನು ತೆಗೆದು, ಬಿಡಿಸಿ, ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಮಸ್ಕಾರ.